ಫ್ರೀ ಮಾಡಿದ ಮೇಲೂ ಟಾಪ್ ಇಳಿಯದಿದ್ದರೆ

"ಮೇಡಂ, ಲೀಕ್ ಆಗ್ತಿದೆ."

ಈ ಫೋನು ಸಾಮಾನ್ಯವಾಗಿ ರಾತ್ರಿ ಹೊತ್ತೇ ಬರುತ್ತದೆ. ಲೀಕ್ ಎಂದರೆ ಪ್ರೋಗ್ರಾಮ್ ಕೇಳಿ ಪಡೆದ ಮೆಮೊರಿಯನ್ನು ಫ್ರೀ ಮಾಡದೆ ಕಳೆದುಕೊಳ್ಳುವುದು. ಲೀಕ್ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಒಂದೇ ಉತ್ತರ. "ಟಾಪ್ ಕಮಾಂಡಿನಲ್ಲಿ ನೋಡಿದೆ. ಎಲ್ಲಾ ಫ್ರೀ ಮಾಡಿದ್ರೂ ಆರ್‌ಎಸ್‌ಎಸ್ ಇಳೀತಾ ಇಲ್ಲ." ಆರ್‌ಎಸ್‌ಎಸ್ ಎಂದರೆ ಪ್ರೋಗ್ರಾಮ್ ರ್‍ಯಾಮ್‌ನಲ್ಲಿ ಹಿಡಿದಿರುವ ಜಾಗ. ಟಾಪ್ ಅದನ್ನು ತೋರಿಸುವ ಲಿನಕ್ಸ್ ಕಮಾಂಡ್.

ಇಪ್ಪತ್ತು ವರ್ಷದಿಂದ ಸಿ ಬರೆದು, ಬೇರೆಯವರು ಬರೆದ ಸಿ ಓದಿ ಹೊಟ್ಟೆ ಹೊರೆಯುತ್ತಿದ್ದೇನೆ. ಪಾಯಿಂಟರ್ ಎಂದರೇನು, ಹೀಪ್ ಎಂದರೇನು ಎಂದು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅದು ನಿಮಗೆ ಗೊತ್ತು. ಆದರೆ ಫ್ರೀ ಏನು ಮಾಡುತ್ತದೆ ಎಂಬುದು ಗೊತ್ತಿಲ್ಲ ಎಂದು ನನಗೆ ಅನುಮಾನ. ಫ್ರೀ ಮಾಡಿದ ಮೆಮೊರಿ ಸಾಮಾನ್ಯವಾಗಿ ಹೋಗುವುದು ಹೀಪನ್ನು ಹಂಚಿಕೊಡುವ ಮ್ಯಾಲಾಕ್‌ನ ಕೈಗೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೈಗೆ ಅಲ್ಲ. ಟಾಪ್ ತೋರಿಸುವುದು ಕರ್ನಲ್‌ನ ಲೆಕ್ಕ. ಇಬ್ಬರ ಲೆಕ್ಕದ ಪುಸ್ತಕ ಬೇರೆ ಬೇರೆ.

ನನ್ನ ಸೋದರಮಾವ ಮದುವೆ ಅಡುಗೆ ಕಂಟ್ರಾಕ್ಟ್ ಹಿಡಿಯುತ್ತಿದ್ದರು. ಪಂಕ್ತಿಗೆ ಹಾಸಲು ಉದ್ದನೆಯ ಜಮಖಾನ ಬಾಡಿಗೆಗೆ ತರುತ್ತಿದ್ದರು. ಮೊದಲ ಪಂಕ್ತಿ ಎದ್ದ ತಕ್ಷಣ ಯಾರಾದರೂ ಜಮಖಾನ ಸುತ್ತಿ ಅಂಗಡಿಗೆ ಕಳಿಸುತ್ತಾರಾ? ಇಲ್ಲ. ಎಲೆ ತೆಗೆದು, ಒರೆಸಿ, ಎರಡನೇ ಪಂಕ್ತಿಯವರನ್ನು ಕೂರಿಸುತ್ತಾರೆ. ಅಂಗಡಿಯವನ ಚೀಟಿಯಲ್ಲಿ ಜಮಖಾನ ಇನ್ನೂ ಬಾಡಿಗೆಯಲ್ಲೇ ಇದೆ. ನಿಜಕ್ಕೂ ಅದರ ಮೇಲೆ ಒಬ್ಬರೂ ಕೂತಿಲ್ಲ. ಟಾಪ್ ಓದುವುದು ಆ ಚೀಟಿಯನ್ನು.

ಇನ್ನೊಂದು ವಿಷಯ ಇದೆ. ಜಮಖಾನ ಸುತ್ತಬೇಕಾದರೆ ತುದಿಯಿಂದಲೇ ಸುತ್ತಬೇಕು. ನೂರು ಜನ ಎದ್ದು ಹೋಗಿದ್ದಾರೆ, ಆದರೆ ತುದಿಯಲ್ಲಿ ಒಬ್ಬ ಅಜ್ಜ ಇನ್ನೂ ನಿಧಾನವಾಗಿ ಮಜ್ಜಿಗೆ ಅನ್ನ ಕಲಸುತ್ತಿದ್ದಾರೆ. ಅವರು ಏಳುವ ತನಕ ಮಾಡುವುದೇನೂ ಇಲ್ಲ. ಲಿನಕ್ಸ್‌ನ ಜಿ-ಲಿಬ್‌ಸಿ (ಮ್ಯಾಲಾಕ್ ಇರುವ ಸಿ ಲೈಬ್ರರಿ) ಮುಖ್ಯ ಹೀಪನ್ನು ಬಿಆರ್‌ಕೆ ಎಂಬ ಸಿಸ್ಟಮ್ ಕಾಲ್‌ನಿಂದ ಬೆಳೆಸುವುದೂ ಕುಗ್ಗಿಸುವುದೂ ಹೀಗೇ, ತುದಿಯಿಂದ. ತುದಿಯಲ್ಲಿ 40 ಬೈಟಿನ ಒಂದು ತುಣುಕು ಉಳಿದಿದ್ದರೂ ಫ್ರೀ ಅದನ್ನು ದಾಟಿ ಹಿಂದಿನದನ್ನು ಕರ್ನಲ್‌ಗೆ ಒಪ್ಪಿಸುವುದಿಲ್ಲ.

ಹಾಗಾದರೆ ನಿಜವಾದ ಲೆಕ್ಕ ಎಲ್ಲಿ ಸಿಗುತ್ತದೆ? ಮ್ಯಾಲಾಕ್‌ನ ಹತ್ತಿರವೇ ಕೇಳಿ. ಮ್ಯಾಲಾಕ್_ಸ್ಟ್ಯಾಟ್ಸ್ ಎಂಬ ಫಂಕ್ಷನ್ ಇದೆ. ಆರ್ಗ್ಯುಮೆಂಟ್ ಇಲ್ಲ, ಸುಮ್ನೆ ಕರೆದರೆ ಸಾಕು. ಸ್ಟ್ಯಾಂಡರ್ಡ್ ಎರರ್‌ಗೆ ನಾಲ್ಕಾರು ಸಾಲು ಬರೆಯುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ. ಸಿಸ್ಟಮ್ ಬೈಟ್ಸ್, ಅಂದರೆ ಅಂಗಡಿಯಿಂದ ತಂದದ್ದು. ಇನ್ ಯೂಸ್ ಬೈಟ್ಸ್, ಅಂದರೆ ಜನ ಕೂತಿರುವಷ್ಟು ಜಾಗ.

ಕೋಡ್ ಬದಲಾಯಿಸಲು ಆಗದಿದ್ದರೆ ಓಡುತ್ತಿರುವ ಪ್ರೋಗ್ರಾಮಿಗೆ ಜಿಡಿಬಿ ಎಂಬ ಡಿಬಗರ್ ಅಂಟಿಸಿಯೂ ಇದನ್ನು ಕರೆಯಬಹುದು. ಎಚ್ಚರ ಇರಲಿ. ನೀವು ನಿಲ್ಲಿಸಿದ ಕ್ಷಣದಲ್ಲಿ ಪ್ರೋಗ್ರಾಮ್ ಮ್ಯಾಲಾಕ್ ಒಳಗೇ ಲಾಕ್ ಹಿಡಿದು ನಿಂತಿದ್ದರೆ, ನಿಮ್ಮ ಕರೆಯೂ ಅಲ್ಲೇ ಸಿಕ್ಕಿಬೀಳುತ್ತದೆ. ಗ್ರಾಹಕರ ಲೈವ್ ಸರ್ವರ್ ಮೇಲೆ ಈ ಸಾಹಸ ಬೇಡ. ನಾನು ಒಮ್ಮೆ ಮಾಡಿದ್ದೆ. ಆ ಕಥೆ ಬೇಡ ಬಿಡಿ.

ಬೇರೊಂದು ಕಥೆ ಹೇಳುತ್ತೇನೆ. ಒಂದು ಕಂಪನಿಯಲ್ಲಿ ಮೀಟರ್ ರೀಡಿಂಗ್ ಜೋಡಿಸುವ ಪ್ರೋಗ್ರಾಮ್ ಇತ್ತು. ಒಂದೇ ಥ್ರೆಡ್. ಬೆಳಗಿನ ಜಾವ ದೊಡ್ಡ ಫೈಲ್ ಓದಿ, ಲಕ್ಷಾಂತರ ಚಿಕ್ಕ ರೆಕಾರ್ಡ್‌ಗಳನ್ನು ಹೀಪಿನಲ್ಲಿ ಇಟ್ಟು, ಲೆಕ್ಕ ಹಾಕಿ, ಎಲ್ಲವನ್ನೂ ಫ್ರೀ ಮಾಡುತ್ತಿತ್ತು. ಆರ್‌ಎಸ್‌ಎಸ್ 1.4 ಜಿಬಿಗೆ ಏರಿ ಅಲ್ಲೇ ಕೂರುತ್ತಿತ್ತು. "ಲೀಕ್" ಎಂದು ತೀರ್ಮಾನಿಸಿ, ದಿನಾ ರಾತ್ರಿ ಎರಡು ಗಂಟೆಗೆ ಪ್ರೋಗ್ರಾಮನ್ನು ಕೊಂದು ಮತ್ತೆ ಎಬ್ಬಿಸುವ ಕ್ರಾನ್ ಸಾಲು ಸೇರಿಸಿದ್ದರು. ಮೂರು ವಾರ ಇಬ್ಬರು ಹುಡುಗರು ಕೋಡಿನಲ್ಲಿ ತೂತು ಹುಡುಕಿದ್ದರು. ಪಾಪ.

ಮ್ಯಾಲಾಕ್_ಸ್ಟ್ಯಾಟ್ಸ್ ಹಾಕಿ ನೋಡಿದೆವು. ಸಿಸ್ಟಮ್ ಬೈಟ್ಸ್ 1.4 ಜಿಬಿ. ಇನ್ ಯೂಸ್ ಬೈಟ್ಸ್ 9 ಎಂಬಿ. ಲೀಕ್ ಇರಲೇ ಇಲ್ಲ. ಮತ್ತೆ ಮಾಲ್‌ಇನ್ಫೋ ಕರೆದು ಅದರ ಸ್ಟ್ರಕ್ಚರ್ ತೆರೆದೆವು. ಹಳೆಯ ಯೂನಿಕ್ಸ್ ಕಾಲದ ಹೆಸರುಗಳು, ಓದಲು ನಾಲಿಗೆ ಹೊರಳುವುದಿಲ್ಲ. ಯುಆರ್ಡ್‌ಬ್ಲಾಕ್ಸ್ ಎಂದರೆ ಬಳಕೆಯಲ್ಲಿರುವುದು. ಎಫ್‌ಆರ್ಡ್‌ಬ್ಲಾಕ್ಸ್ ಎಂದರೆ ಮ್ಯಾಲಾಕ್ ಬಳಿ ಖಾಲಿ ಬಿದ್ದಿರುವುದು. ಕೀಪ್‌ಕಾಸ್ಟ್ ಎಂದರೆ ತುದಿಯಿಂದ ಸುತ್ತಿ ಕೊಡಬಹುದಾದಷ್ಟು. ಖಾಲಿ ಇದ್ದದ್ದು ಒಂದು ಜಿಬಿಗೂ ಜಾಸ್ತಿ. ಕೀಪ್‌ಕಾಸ್ಟ್ ಕೆಲವೇ ಕಿಲೋಬೈಟ್. ಮಜ್ಜಿಗೆ ಅನ್ನದ ಅಜ್ಜ ಯಾರು ಎಂದು ಹುಡುಕಿದರೆ, ಫೈಲ್ ಓದಿ ಮುಗಿದ ಮೇಲೆ "ಕೊನೆಯ ಫೈಲಿನ ಹೆಸರು" ಎಂದು ಸ್ಟ್ರಡಪ್ ಮಾಡಿ (ಹೀಪಿನಲ್ಲಿ ನಕಲು ಮಾಡಿ) ಇಟ್ಟುಕೊಂಡ ಒಂದು ಸಣ್ಣ ಸ್ಟ್ರಿಂಗ್! ಅದನ್ನು ಫೈಲ್ ಓದುವ ಮೊದಲೇ ತೆಗೆದಿಡುವಂತೆ ಬದಲಾಯಿಸಿದೆವು. ಆರ್‌ಎಸ್‌ಎಸ್ ಇಳಿಯಿತು.

ಎಲ್ಲರದ್ದೂ ಇಷ್ಟು ಸುಲಭವಾಗಿ ಬಗೆಹರಿಯುತ್ತದೆ ಎಂದು ಹೇಳುತ್ತಿಲ್ಲ. ಎಷ್ಟೋ ಸಲ ಅಜ್ಜಂದಿರು ಸಾವಿರಾರು, ಜಮಖಾನದ ಉದ್ದಕ್ಕೂ ಅಲ್ಲಲ್ಲಿ ಕೂತಿರುತ್ತಾರೆ. ಆಗ ಮ್ಯಾಲಾಕ್_ಟ್ರಿಮ್ ಪ್ರಯೋಗಿಸಿ ನೋಡಬಹುದು. 2.8ರಿಂದ ಈಚೆಗಿನ ಜಿ-ಲಿಬ್‌ಸಿಯಲ್ಲಿ ಅದು ನಡುವೆ ಪೂರ್ತಿ ಖಾಲಿ ಇರುವ ಪೇಜುಗಳನ್ನೂ (ಕರ್ನಲ್ ಮೆಮೊರಿ ಕೊಡುವ ತುಂಡುಗಳನ್ನೂ) ಕರ್ನಲ್‌ಗೆ ಬಿಟ್ಟುಕೊಡುತ್ತದೆ. ಟಾಪ್ ಇಳಿಯುತ್ತದೆ, ಆದರೆ ನಡುವಿನ ಪೇಜುಗಳ ಮಟ್ಟಿಗೆ ಸಿಸ್ಟಮ್ ಬೈಟ್ಸ್ ಇಳಿಯುವುದಿಲ್ಲ, ಗಾಬರಿಯಾಗಬೇಡಿ. ಪ್ರತಿ ಫ್ರೀ ಆದ ಮೇಲೂ ಇದನ್ನು ಕರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿಟ್ಟ ಪೇಜನ್ನು ಮತ್ತೆ ಮುಟ್ಟಿದಾಗ ಕರ್ನಲ್ ಹೊಸದಾಗಿ ಕೊಡಬೇಕು. ಆ ಖರ್ಚು ನಿಮ್ಮದೇ.

"ಆದ್ರೆ ಮೇಡಂ, ಮೊದಲ ಸಲ ಇಳೀತು, ಎರಡನೇ ಸಲ ಇಳೀಲಿಲ್ಲ." ಇದು ಆಮೇಲೆ ಬರುವ ಪ್ರಶ್ನೆ. ಒಳ್ಳೆಯ ಪ್ರಶ್ನೆ. 128 ಕೆಬಿ ಅಥವಾ ಅದಕ್ಕಿಂತ ದೊಡ್ಡ ತುಣುಕು ಕೇಳಿದರೆ, ಖಾಲಿ ಜಾಗದಲ್ಲಿ ಹೊಂದದಿದ್ದಾಗ, ಮ್ಯಾಲಾಕ್ ಅದನ್ನು ಎಂಮ್ಯಾಪ್ ಎಂಬ ಇನ್ನೊಂದು ಸಿಸ್ಟಮ್ ಕಾಲ್‌ನಿಂದ ಬೇರೆಯಾಗಿ ತರುತ್ತದೆ. ಅದನ್ನು ಫ್ರೀ ಮಾಡಿದರೆ ನೇರವಾಗಿ ಕರ್ನಲ್‌ಗೇ ಹೋಗುತ್ತದೆ. ಆದರೆ ಹಾಗೆ ಒಮ್ಮೆ ಫ್ರೀ ಮಾಡಿದ ಕೂಡಲೇ ಆ 128 ಕೆಬಿ ಮಿತಿಯೇ ಆ ತುಣುಕಿನ ಗಾತ್ರಕ್ಕೆ ಏರುತ್ತದೆ. 64 ಬಿಟ್ ಯಂತ್ರದಲ್ಲಿ 32 ಎಂಬಿವರೆಗೂ ಏರಬಹುದು. ಎರಡನೇ ಸಲ ಅಷ್ಟೇ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಹೀಪಿನಿಂದ. ಎಂಮ್ಯಾಪ್ ಪಾಲು ಯುಆರ್ಡ್‌ಬ್ಲಾಕ್ಸ್‌ನಲ್ಲಿ ಸೇರಿರುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೆ ಎಚ್‌ಬಿಎಲ್‌ಕೆಎಚ್‌ಡಿ ಎಂಬ ಬೇರೆ ಕಾಲಂ ಇದೆ. ಎರಡನ್ನೂ ಕೂಡಿಸಿದರೆ ಮಾತ್ರ ಪೂರ್ತಿ ಬಳಕೆ.

ಮಾಲ್‌ಇನ್ಫೋ ಬಗ್ಗೆ ಒಂದು ದೂರು. ಅದರ ಕಾಲಂಗಳೆಲ್ಲ ಇಂಟ್. 214 ಕೋಟಿ ಚಿಲ್ಲರೆ ಬೈಟ್ ದಾಟಿದರೆ ಅಂಕಿ ತಿರುಗಿ ಮೈನಸ್ ಆಗುತ್ತದೆ. ಒಬ್ಬರ ಡ್ಯಾಶ್‌ಬೋರ್ಡಿನಲ್ಲಿ ಮೈನಸ್ 189 ಕೋಟಿ ಬೈಟ್ ಬಳಕೆ ಎಂದು ತೋರಿಸುತ್ತಿತ್ತು. ನಿಜವಾಗಿ ಇದ್ದದ್ದು 240 ಕೋಟಿ. ಮ್ಯಾನೇಜರಿಗೆ ಅದು ಉಳಿತಾಯದ ಹಾಗೆ ಕಂಡಿತ್ತು. 2021ರಲ್ಲಿ ಬಂದ ಜಿ-ಲಿಬ್‌ಸಿಯ 2.33ನೇ ಆವೃತ್ತಿಯಿಂದ ಮಾಲ್‌ಇನ್ಫೋ2 ಇದೆ, ಕಾಲಂಗಳು ಸೈಜ್_ಟಿ. ಅದನ್ನೇ ಬಳಸಿ. ಉಬುಂಟು 20.04ರಲ್ಲಿ ಇರುವುದು 2.31, ಅಲ್ಲಿ ಸಿಗುವುದಿಲ್ಲ. ಅಂಥ ಕಡೆ ಮ್ಯಾಲಾಕ್_ಇನ್ಫೋ ಇದೆ, ಎಕ್ಸ್‌ಎಂಎಲ್ ಬರೆಯುತ್ತದೆ. ನೋಡಲು ಚೆಂದ ಇಲ್ಲ, ಆದರೆ ಅಂಕಿ ತಿರುಗುವುದಿಲ್ಲ.

ಅಳೆಯುವಾಗ ಮೊದಲು ಅಂಕಿಗಳನ್ನು ವೇರಿಯೇಬಲ್‌ಗಳಲ್ಲಿ ಹಿಡಿದಿಟ್ಟುಕೊಳ್ಳಿ, ಆಮೇಲೆ ಪ್ರಿಂಟ್ ಮಾಡಿ. ಏಕೆಂದರೆ ಪ್ರಿಂಟ್‌ಎಫ್ ಕೂಡ ಮೊದಲ ಸಲ ತನ್ನ ಬಫರಿಗೆ ಹೀಪಿನಿಂದಲೇ ಜಾಗ ಕೇಳುತ್ತದೆ. ಟರ್ಮಿನಲ್ಲಿಗಾದರೆ 1024 ಬೈಟ್. ಒಬ್ಬ ಹುಡುಗ ಈ ಒಂದು ಕೆಬಿಯನ್ನು ಎರಡು ದಿನ ಬೆನ್ನಟ್ಟಿದ್ದ. ಹಾಗೆಯೇ 2.31ರಲ್ಲಿ ಬರೀ 10 ಬೈಟ್ ಕೇಳಿ ನೋಡಿ. ಬಳಕೆ 688 ಎಂದು ಬರುತ್ತದೆ. 32 ನಿಮ್ಮ ತುಣುಕು, ಅದಕ್ಕಿಂತ ಚಿಕ್ಕದು 64 ಬಿಟ್‌ನಲ್ಲಿ ಇಲ್ಲ. ಉಳಿದ 656 ಮ್ಯಾಲಾಕ್ ತನ್ನ ಟಿಕ್ಯಾಶ್ ಪಟ್ಟಿಗೆ ತೆಗೆದುಕೊಂಡದ್ದು. 2017ರಲ್ಲಿ 2.26ರ ಜೊತೆ ಬಂದ ಈ ಟಿಕ್ಯಾಶ್‌ನದ್ದು ಇನ್ನೊಂದು ತಕರಾರು. ಪ್ರತಿ ಥ್ರೆಡ್ಡೂ ಫ್ರೀ ಆದ ಸಣ್ಣ ತುಣುಕುಗಳನ್ನು ಒಂದು ಅಳತೆಗೆ ಏಳರಂತೆ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಲೆಕ್ಕದಲ್ಲಿ ಅವು "ಬಳಕೆಯಲ್ಲಿವೆ" ಎಂದೇ ಬರುತ್ತವೆ. ಆದ್ದರಿಂದ ಸೊನ್ನೆಗೆ ಇಳಿಯಲಿ ಎಂದು ಕಾಯಬೇಡಿ.

ಥ್ರೆಡ್ ಎಂದಾಗ ನೆನಪಾಯಿತು. 64 ಬಿಟ್‌ನಲ್ಲಿ ಒಂದು ಕೋರಿಗೆ 8ರಂತೆ ಅರೀನಾ (ಥ್ರೆಡ್‌ಗಳಿಗೆ ಬೇರೆ ಬೇರೆ ಹೀಪು) ಮಾಡಲು ಜಿ-ಲಿಬ್‌ಸಿಗೆ ಅನುಮತಿ ಇದೆ. ಒಂದೊಂದೂ 64 ಎಂಬಿ ವಿಳಾಸ ಕಾದಿರಿಸುತ್ತದೆ. 8 ಕೋರಿನ ಯಂತ್ರದಲ್ಲಿ ಇದೊಂದೇ 4 ಜಿಬಿ ವರ್ಚುವಲ್ ತೋರಿಸಬಹುದು. ಅದು ಬರೀ ವಿಳಾಸ, ರ್‍ಯಾಮ್ ಅಲ್ಲ. ಮ್ಯಾಲಾಕ್_ಅರೀನಾ_ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಿಂದ ಕಡಿಮೆ ಮಾಡಬಹುದು. ವೇಗ ಬೀಳುತ್ತದಾ ಎಂದು ನಿಮ್ಮ ಲೋಡ್ ಹಾಕಿಯೇ ನೋಡಬೇಕು.

ಈಗ ನಿಜವಾದ ಲೀಕ್. ಅದೂ ಇರುತ್ತದೆ, ನಾನೇ ಬೇಕಾದಷ್ಟು ಬರೆದಿದ್ದೇನೆ. ಒಂದೇ ಕೆಲಸವನ್ನು ಹತ್ತು ಸಲ ಮಾಡಿಸಿ. ಪ್ರತಿ ಸಲ ಮುಗಿದು ಪ್ರೋಗ್ರಾಮ್ ಸುಮ್ಮನಿರುವ ಅದೇ ಜಾಗದಲ್ಲಿ ಬಳಕೆಯ ಅಂಕಿ ಬರೆದುಕೊಳ್ಳಿ. ಮೊದಲ ಎರಡು ಓದು ಬಿಟ್ಟುಬಿಡಿ, ಅದು ಬಿಸಿಯಾಗುವ ಹೊತ್ತು. ಮೂರನೆಯದರಿಂದ ಅಂಕಿ ನಿಂತಲ್ಲೇ ನಿಂತರೆ ಲೀಕ್ ಇರಲಿಕ್ಕಿಲ್ಲ. ಪ್ರತಿ ಸುತ್ತಿಗೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಏರಿದರೆ ವಾಲ್‌ಗ್ರೈಂಡ್ ಎಂಬ ಲೀಕ್ ಹುಡುಕುವ ಸಾಧನ ಹಿಡಿಯಿರಿ. ಯಾವ ಸಾಲಿನಲ್ಲಿ ಕೇಳಿದ್ದು ಎಂದು ಅದು ಹೇಳುತ್ತದೆ, ಈ ಅಂಕಿಗಳು ಹೇಳುವುದಿಲ್ಲ. ನೀವೇ ಬೇಕೆಂದು ಇಟ್ಟ ಕ್ಯಾಶ್ ಬೆಳೆಯುತ್ತಿದ್ದರೂ ಅಂಕಿ ಹೀಗೇ ಏರುತ್ತದೆ. ಅದನ್ನು ಮೊದಲು ವಿಚಾರಿಸಿ.

ಇಷ್ಟು ಮಾಡಿ ಆಮೇಲೆ ಫೋನ್ ಮಾಡಿ, ರಾತ್ರಿ ಆದರೂ ಪರವಾಗಿಲ್ಲ. ಅಂದ ಹಾಗೆ ಆ ಮೀಟರ್ ಕಂಪನಿಯಲ್ಲಿ ರಾತ್ರಿ ಎರಡು ಗಂಟೆಯ ಕ್ರಾನ್ ಸಾಲು ಇನ್ನೂ ಇದೆಯಂತೆ. ತೆಗೆಯಲು ಯಾರೂ ಒಪ್ಪುತ್ತಿಲ್ಲ.