‘ದೇವರ ಸೇವೆ’ ಎಂದರೆ ಯಾವ ಕೆಲಸ?

“ಲೋಕದ ಕೆಲಸ ಬಿಟ್ಟು ದೇವರ ಸೇವೆಗೆ ಬಂದರು.” ನಂಬಿಕೆಯ ಸಾಕ್ಷಿ ಹೇಳುವಾಗ, ಕ್ರೈಸ್ತ ಸಭೆಯಲ್ಲಿ ಬೋಧಕರನ್ನು ಪರಿಚಯಿಸುವಾಗ ಈ ಮಾತು ಬಂದೇ ಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೂತು ಕೇಳುವ ನರ್ಸು, ಮೆಕ್ಯಾನಿಕ್ಕು, ಲೆಕ್ಕ ಬರೆಯುವವರು ಏನಂದುಕೊಳ್ಳಬೇಕು? ವಾರವಿಡೀ ತಾವು ದುಡಿಯುವುದಕ್ಕೂ ದೇವರಿಗೂ ಸಂಬಂಧವೇ ಇಲ್ಲ ಅಂತಲೇ? ಬೈಬಲಿನಲ್ಲಿ ‘ಸೇವೆ’ಗೆ ಅಷ್ಟು ಸಣ್ಣ ಅರ್ಥ ಇಲ್ಲ.

ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ಅವದ್’ ಎಂಬ ಕ್ರಿಯಾಪದ ಇದೆ. ಅದರ ನಾಮಪದ ‘ಅವೋದಾ’. ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಬಿಟ್ಟದ್ದು ಅದನ್ನು ವ್ಯವಸಾಯ ಮಾಡಲಿ, ಕಾಯಲಿ ಅಂತ. ವ್ಯವಸಾಯಕ್ಕೆ ಅಲ್ಲಿರುವುದು ಈ ‘ಅವದ್’. ಇಸ್ರಾಯೇಲ್ಯರು ಬೆಟ್ಟದ ಬಳಿ ದೇವರನ್ನು ಆರಾಧಿಸುವರು ಎನ್ನುವ ವಿಮೋಚನಕಾಂಡ 3:12ರಲ್ಲೂ ಅದೇ. ಆರಾಧನೆಯ ಗುಡಾರದಲ್ಲಿ ಲೇವಿಯರು, ಅಂದರೆ ಲೇವಿ ಕುಲದವರು, ಮಾಡುವ ಸೇವೆ ಕೂಡ ‘ಅವೋದಾ’ನೇ. ಮಣ್ಣಿನ ಕೆಲಸವನ್ನೂ ಆರಾಧನೆಯನ್ನೂ ಆ ಭಾಷೆ ಒಂದೇ ಮಾತಿನಲ್ಲಿ ಹೇಳಿತು. ಕೆಲಸ ಪಾಪದ ಫಲ ಅನ್ನುವವರು ಇನ್ನೊಂದನ್ನು ಗಮನಿಸಲಿ. ತೋಟದ ಕೆಲಸ ಸಿಕ್ಕಿದ್ದು 2ನೇ ಅಧ್ಯಾಯದಲ್ಲಿ. ಪಾಪ, ಮುಳ್ಳು, ಬೆವರು ಎಲ್ಲ ಬಂದದ್ದು 3ರಲ್ಲಿ.

ಹಾಗಂತ ಎಲ್ಲ ದುಡಿಮೆಯೂ ಪವಿತ್ರ ಅಂತಲ್ಲ. ಐಗುಪ್ತದ ಅರಸ ಫರೋಹ ಇಸ್ರಾಯೇಲ್ಯರಿಂದ ಹೊಡೆದು ಬಡಿದು ಮಾಡಿಸಿದ ಮಣ್ಣು, ಇಟ್ಟಿಗೆ ಕೆಲಸಕ್ಕೂ ವಿಮೋಚನಕಾಂಡ 1:14 ‘ಅವೋದಾ’ ಅಂತಲೇ ಹೇಳುತ್ತದೆ. ದೇವರು ಆ ಜನರನ್ನು ಅದರಿಂದ ಬಿಡಿಸಿದನು. ಯಾರಿಗಾಗಿ ದುಡಿಯುತ್ತೇವೆ, ಹೇಗೆ ದುಡಿಸಿಕೊಳ್ಳುತ್ತೇವೆ ಅನ್ನೋದು ಮುಖ್ಯ.

ಆರಾಧನೆಯ ಗುಡಾರ ಮಾಡಿದ ಕುಶಲಕರ್ಮಿ ಬೆಚಲೇಲನನ್ನು ಯಾಕೋ ಜಾಸ್ತಿ ಯಾರೂ ನೆನೆಯುವುದಿಲ್ಲ. ವಿಮೋಚನಕಾಂಡ 31ರಲ್ಲಿ ದೇವರು ಅವನನ್ನು ತನ್ನ ಆತ್ಮದಿಂದ ತುಂಬಿಸಿದನು. ಯಾತಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಕೊರಿಂಥ ಪಟ್ಟಣದಲ್ಲಿ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲನೂ ಅಕ್ವಿಲನ ಮನೆಯಲ್ಲಿದ್ದು ಗುಡಾರ ಮಾಡುವ ಕಸುಬು ಮಾಡಿದನು.

ಕೆಲಸದ ಮೂಲಕ ದೇವರನ್ನು ಘನಪಡಿಸುವುದು ಅಂದರೆ ಮೇಜಿನ ಮೇಲೆ ವಚನ ಅಂಟಿಸುವುದು ಅಂತಲೂ ಕೆಲವರು ತಿಳಿದಿದ್ದಾರೆ. ಅಂಟಿಸಲಿ, ತಪ್ಪಿಲ್ಲ. ಆದರೆ ರಾತ್ರಿ ಪಾಳಿಯ ಕೊನೆಗೆ ಕಣ್ಣು ಎಳೆಯುತ್ತಿರುವಾಗ, ಇಂಜೆಕ್ಷನ್ ಕೊಡುವ ಮೊದಲು ಚೀಟಿಯಲ್ಲಿರುವ ರೋಗಿಯ ಹೆಸರು, ಔಷಧಿಯ ಪ್ರಮಾಣ ಎರಡನ್ನೂ ಮತ್ತೊಮ್ಮೆ ಓದುವ ನರ್ಸ್ ಇದ್ದಾರಲ್ಲ, ಅವರು ಆ ಹೊತ್ತಿನಲ್ಲಿ ದೇವರ ಸೇವೆಯಲ್ಲೇ ಇದ್ದಾರೆ. ಪಾಳಿಯ ನಡುವೆ ರೋಗಿಯನ್ನು ಬಿಟ್ಟು ಪ್ರಾರ್ಥನೆಗೆ ಎದ್ದುಹೋದರೆ ಘನ ಜಾಸ್ತಿಯಾಗುವುದಿಲ್ಲ.

ಇನ್ನು ಪೌಲನ ಪತ್ರದ ಕೊಲೊಸ್ಸೆ 3:23. ಯಾವ ಕೆಲಸವನ್ನೇ ಆಗಲಿ ಮನುಷ್ಯರಿಗೆಂದು ಮಾಡದೆ ಕರ್ತನಿಗೆಂದೇ ಮನಸಾರೆ ಮಾಡಿ ಅನ್ನುವ ವಚನ ಎಲ್ಲರಿಗೂ ಬಾಯಿಪಾಠ. ಸಂಬಳ ಕೊಡದೆ ಹೊತ್ತು ಮೀರಿ ದುಡಿಸುವವರಿಗಂತೂ ಬಲು ಪ್ರೀತಿ. ಆದರೆ ಪೌಲ ಅದನ್ನು ಬರೆದದ್ದು ದಾಸರಿಗೆ, ಅಲ್ವಾ? ಕೆಲವೇ ಸಾಲು ಮುಂದೆ, 4:1ರಲ್ಲಿ, ಅವನು ಯಜಮಾನರ ಕಡೆ ತಿರುಗುತ್ತಾನೆ. ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಅನ್ನುತ್ತಾನೆ. ಸಂಬಳದ ದಿನ ಸರಿಯಾಗಿ ಲೆಕ್ಕ ಮಾಡಿ ಕೊಡುವುದೂ ದೇವರ ಸೇವೆಯೇ. ಮೊದಲ ವಚನ ಓದಿಸುವವರು ಎರಡನೆಯದನ್ನೂ ಓದಿಸಲಿ.