ಸಭೆಯಲ್ಲೇ ಎರಡು ಗುಂಪು ಇರುವಾಗ ನಮ್ಮ ಪ್ರೀತಿ ನೋಡಿ ಯಾರು ಬರುತ್ತಾರೆ?

ಓದುಗರ ಪ್ರಶ್ನೆ: ನೀವು ಒಬ್ಬರನ್ನೊಬ್ಬರು ಪ್ರೀತಿಸಿದರೆ ನನ್ನ ಶಿಷ್ಯರೆಂದು ಎಲ್ಲರಿಗೂ ಗೊತ್ತಾಗುತ್ತದೆ ಅಂತ ಯೇಸುಸ್ವಾಮಿ ಹೇಳಿದರು. ಆದರೆ ನಮ್ಮ ಸಭೆಯಲ್ಲೇ ಎರಡು ಗುಂಪು. ಇದನ್ನು ನೋಡಿ ಯಾರು ನಂಬಿಕೆಗೆ ಬರುತ್ತಾರೆ?

ಹುಬ್ಬಳ್ಳಿ-ಧಾರವಾಡದ ಕಡೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಮಿಟಿ ಚುನಾವಣೆ ಮುಗಿದ ಮೇಲಂತೂ ಜಾಸ್ತಿ. ಕೇಳುವವರು ಸುಮ್ನೆ ಕೇಳುವುದಿಲ್ಲ, ನೊಂದು ಕೇಳುತ್ತಾರೆ. ನಮ್ಮ ಓಣಿಗಳಲ್ಲಿ ಏನೂ ಮುಚ್ಚಿಡಲು ಆಗುವುದಿಲ್ಲ ಅಲ್ವಾ? "ತಮ್ಮ ಮಂದಿಗೇ ಆಗದವರು ನಮಗೇನು ಆಗ್ತಾರ?" ಅಂತ ಪಕ್ಕದ ಮನೆಯವರು ಅಂದರೆ ಅದು ತಪ್ಪು ಮಾತೂ ಅಲ್ಲ.

ಆದರೆ ಯೇಸು ಆ ಮಾತನ್ನು ಯಾರಿಗೆ ಹೇಳಿದರು ಎಂದು ನೋಡಿ. ಯೋಹಾನನ ಸುವಾರ್ತೆ 13ನೇ ಅಧ್ಯಾಯ. ಯೇಸು ಶಿಷ್ಯರ ಕಾಲು ತೊಳೆದಾಗಿದೆ. ಅವರನ್ನು ಹಿಡಿದುಕೊಡಲಿದ್ದ ಯೂದ ಆಗಲೇ ಎದ್ದು ಹೊರಗೆ ಹೋಗಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ, ಪೇತ್ರ ಮೂರು ಸಲ ತನ್ನನ್ನು ಅರಿಯೆ ಎನ್ನುತ್ತಾನೆ ಎಂದೂ ಯೇಸು ಹೇಳುತ್ತಾರೆ. ಶಿಷ್ಯರಲ್ಲಿ ಆಳುವವರಿಗಾಗಿ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನೂ ಇದ್ದ, ಪರಕೀಯರ ಆಳ್ವಿಕೆ ಸಹಿಸದ ಮತಾಭಿಮಾನಿ ಎನಿಸಿಕೊಂಡ ಸೀಮೋನನೂ ಇದ್ದ. ಸಂತೆಯಲ್ಲಿ ಎದುರಾಗಿದ್ದರೆ ಮುಖ ತಿರುಗಿಸಿಕೊಳ್ಳುವ ಜನ ಇವರು. ಹೊಂದಿಕೊಂಡು ಹೋಗುವವರಿಗೆ ಕೊಟ್ಟ ಆಜ್ಞೆಯಲ್ಲ ಅದು.

ಮೊದಲ ಸಭೆಯ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ಓದುವಾಗ ನಾವು 2ನೇ ಅಧ್ಯಾಯವನ್ನೇ ಹೆಚ್ಚು ನೆನೆಯುತ್ತೇವೆ. ಎಲ್ಲರೂ ಒಂದಾಗಿದ್ದರು, ಇದ್ದದ್ದನ್ನು ಹಂಚಿಕೊಂಡರು, ದಿನದಿನವೂ ಜನ ಸೇರುತ್ತಿದ್ದರು. ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು 6ನೇ ಅಧ್ಯಾಯ. ಅಲ್ಲಿ ಜಗಳ ಇದೆ. ಯೆರೂಸಲೇಮಿನ ಸಭೆಯಲ್ಲಿ ಇಬ್ರಿಯ ಭಾಷೆಯವರು ಊರಿನವರು, ಬಲ ಇದ್ದವರು. ಗ್ರೀಕ್ ಮಾತಾಡುವವರು ಹೊರಗಿನಿಂದ ಬಂದವರು. ಪ್ರತಿದಿನ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು ಇವರು ಗೊಣಗಿದರು. ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. "ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ" ಅಂತ ಸಾಗಹಾಕಲೂ ಇಲ್ಲ. ಎಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಅಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ಹೆಚ್ಚುಕಮ್ಮಿ ದೂರು ಕೊಟ್ಟವರ ಕೈಗೇ ಹಂಚುವ ಕೆಲಸ ಹೋದಂತಾಯಿತು. ಇದಾದ ಮೇಲೆ 7ನೇ ವಚನ ಬರುತ್ತದೆ: ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು, ಯಾಜಕರಲ್ಲೂ ಅನೇಕರು ನಂಬಿದರು. ಜಗಳವೇ ಇಲ್ಲದ ಸಭೆಯನ್ನು ಆ ಊರು ನೋಡಲಿಲ್ಲ. ಬಲ ಇದ್ದವರು ದೂರಿಗೆ ಕಿವಿಗೊಟ್ಟು ಅಧಿಕಾರ ಬಿಟ್ಟುಕೊಟ್ಟದ್ದನ್ನು ನೋಡಿತು. ಪ್ರೀತಿ ಹೊರಗಿನವರ ಕಣ್ಣಿಗೆ ಕಾಣುವುದು ಇಂಥ ಕಡೆಯೇ ಎಂದು ನಾನು ನಂಬುತ್ತೇನೆ.

ಊಟದ ಪಂಕ್ತಿಯೂ ಅಷ್ಟೇ ದೊಡ್ಡ ಪರೀಕ್ಷೆ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ನಮ್ಮ ಕಡೆ ಇದರ ಬಿಸಿ ಬೇಗ ತಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿಗೆ, ಬೆಟಗೇರಿಗೆ ಬಂದರು. ಸಭೆಯೊಳಗೆ ಜಾತಿಗೆ ಜಾಗ ಇಲ್ಲ ಎಂಬುದು ಅವರ ಕಟ್ಟುನಿಟ್ಟಿನ ನಿಯಮ. ನಿಯಮ ಮನಸ್ಸಿಗೆ ಪೂರ್ತಿ ಇಳಿದಿಲ್ಲ. ಮದುವೆ ಮಾತು ಬಂದಾಗ ಹಳೇ ಜಾತಿ ವಿಚಾರಿಸುವವರು ಈಗಲೂ ಇದ್ದಾರೆ. ಹೊರಗಿನವರಿಗೆ ಅದು ಗೊತ್ತಿದೆ.

ಹೊರಗಿನವರು ಕಂಡು ಆಡಿದ ಮಾತೂ ಇತಿಹಾಸದಲ್ಲಿದೆ. "ಇವರು ಒಬ್ಬರನ್ನೊಬ್ಬರು ಹೇಗೆ ಪ್ರೀತಿಸುತ್ತಾರೆ ನೋಡಿ" ಎಂದು ಜನ ಅನ್ನುತ್ತಿದ್ದರೆಂದು ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸುಮಾರು 197ರಲ್ಲಿ ಬರೆದ. ಸಭೆಯವರು ಇಷ್ಟಪಟ್ಟು ಹಾಕಿದ ಹಣ ಬಡವರ ಶವಸಂಸ್ಕಾರಕ್ಕೆ, ತಬ್ಬಲಿ ಮಕ್ಕಳಿಗೆ, ಮನೆಯಿಂದ ಏಳಲಾಗದ ಮುದುಕರಿಗೆ ಹೋಗುತ್ತಿತ್ತು. ಸುಮಾರು 362ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್, ಕ್ರೈಸ್ತರನ್ನು ಕಂಡರಾಗದವನು, ಇವರು ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕುತ್ತಾರೆ ಎಂದು ತನ್ನ ಪೂಜಾರಿಗೆ ಪತ್ರ ಬರೆದ. ಒಳಗಿನ ಪ್ರೀತಿ ನಿಜವಾಗಿದ್ದರೆ ಅದು ಒಳಗೇ ನಿಲ್ಲುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಜನ ಸೇರಲಿ ಎಂದು ತೋರಿಸುವ ಪ್ರೀತಿ ಪ್ರೀತಿಯಲ್ಲ. ಆಸ್ಪತ್ರೆ ಖರ್ಚಿಗೆ ನೆರವಾಗಿ, ಆಮೇಲೆ ಭಾನುವಾರ ಯಾಕೆ ಬರಲಿಲ್ಲ ಎಂದು ಕೇಳಿದರೆ ಅದು ವ್ಯಾಪಾರ. ನಂಬಿಕೆ ಹುಟ್ಟಿಸುವುದು ದೇವರ ಕೆಲಸ, ಬರುವುದೂ ಬಿಡುವುದೂ ಆ ಮನುಷ್ಯನ ಇಷ್ಟ. ಅವರು ಬರದಿದ್ದರೂ ನಮ್ಮ ಪ್ರೀತಿ ಕಡಿಮೆಯಾಗಬಾರದು.

ಈಗ ನಿಮ್ಮ ಸಭೆ. ಕಾಣಿಕೆ ಇಡುವಾಗ ಸಹೋದರನಿಗೆ ನಿಮ್ಮ ಮೇಲೆ ಬೇಸರವಿದೆ ಎಂದು ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಿ ಅನ್ನುತ್ತದೆ ಮತ್ತಾಯ 5ನೇ ಅಧ್ಯಾಯ. ಆ ಗುಂಪಿನಲ್ಲಿ ನಿಮಗೆ ಪರಿಚಯ ಇರುವ ಒಬ್ಬರ ಮನೆಗೆ ಈ ವಾರವೇ ಹೋಗಿ. ವಾದಕ್ಕೆ ಬೇಡ, ಚಹಾ ಕುಡಿದು ಅವರ ದೂರು ಕೇಳಿ ಬನ್ನಿ. ಜಗಳ ಹಣದ್ದೇ ಆಗಿದ್ದರೆ, ಯೆರೂಸಲೇಮಿನವರು ಮಾಡಿದ ಹಾಗೆ ದೂರು ಹೇಳುವವರಲ್ಲೇ ಇಬ್ಬರನ್ನು ಲೆಕ್ಕ ನೋಡಲು ಸೇರಿಸಿಕೊಳ್ಳಿ ಎಂದು ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಕೇಳಿ. ನಿಮ್ಮ ಗುಂಪಿನವರಿಗೆ ಸಿಟ್ಟು ಬರಬಹುದು. ಆದರೂ ಕೇಳಿ.