ಅಂಡರ್‌ವಿಂಗ್ ಪತಂಗ: ಬಣ್ಣ ಬಿಡಿ, ಪಟ್ಟೆ ನೋಡಿ

ಅಂಡರ್‌ವಿಂಗ್ ಪತಂಗ ಮರದ ಕಾಂಡಕ್ಕೆ ಅಂಟಿ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ. ಮುಂದಿನ ರೆಕ್ಕೆಗಳಿಗೆ ತೊಗಟೆಯದೇ ಬೂದು, ಕಂದು ಬಣ್ಣ. ಹಕ್ಕಿ ಕೊಕ್ಕು ಹಾಕಿದರೆ ಸಾಕು, ಅವುಗಳ ಅಡಿಯಲ್ಲಿದ್ದ ಹಿಂದಿನ ರೆಕ್ಕೆ ಥಟ್ಟನೆ ಹೊರಬರುತ್ತದೆ: ಹೆಚ್ಚಾಗಿ ಕೆಂಪು, ಕಿತ್ತಳೆ ಅಥವಾ ಹಳದಿ, ಮೇಲೆ ಕಪ್ಪು ಪಟ್ಟೆ. ಹಕ್ಕಿ ಬೆಚ್ಚಿದ ಆ ಕ್ಷಣದಲ್ಲಿ ಪತಂಗ ಪಾರಾಗುತ್ತದೆ. ನಾವೂ ಆ ಬಣ್ಣವನ್ನೇ ನೋಡುತ್ತಾ ನಿಂತುಬಿಡುತ್ತೇವೆ, ಅಲ್ವಾ? ಜಾತಿ ಗುರುತಿಸಲು ಮಾತ್ರ ಆ ಬಣ್ಣವನ್ನು ಜಾಸ್ತಿ ನಂಬಬಾರದು.

ಕ್ಯಾಟೊಕಾಲ ಎಂಬ ಈ ಕುಲದಲ್ಲಿ 200ಕ್ಕೂ ಹೆಚ್ಚು ಜಾತಿಗಳಿವೆ. ಕೆಂಪು ರೆಕ್ಕೆಯವೇ ಎಷ್ಟೋ. ಸಾಲದ್ದಕ್ಕೆ ಒಂದೇ ಜಾತಿಯಲ್ಲೂ ಬಣ್ಣ ಬದಲಾಗುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ ಸಿಗುವ ಕೆಂಪು ಕ್ಯಾಟೊಕಾಲ ನುಪ್ಟದಲ್ಲಿ ಅಪರೂಪಕ್ಕೆ ಕಂದು ಅಥವಾ ಹಳದಿ ಹಿಂದಿನ ರೆಕ್ಕೆಯವೂ ಸಿಗುತ್ತವೆ. ವಯಸ್ಸಾದಂತೆ ರೆಕ್ಕೆಯ ಮೇಲಿನ ಪುಡಿಯಂಥ ಹುರುಪೆ ಉದುರಿ ಬಣ್ಣವೂ ಮಾಸುತ್ತದೆ.

ಹಾಗಾದರೆ ಏನು ನೋಡಬೇಕು? ಹಿಂದಿನ ರೆಕ್ಕೆಯ ಮಧ್ಯದ ಕಪ್ಪು ಪಟ್ಟೆಯ ಆಕಾರ. ಅಂಚಿನ ಅಗಲ ಪಟ್ಟೆಯಲ್ಲ, ಒಳಗಿನದು. ನುಪ್ಟದಲ್ಲಿ ಅದು ಮಧ್ಯದಲ್ಲಿ ಸ್ವಲ್ಪ ಮುರಿದಂತೆ ಬಾಗಿ, ರೆಕ್ಕೆಯ ಒಳ ಅಂಚು ತಲುಪುವ ಮೊದಲೇ ನಿಂತುಬಿಡುತ್ತದೆ. ನೋಡಲು ಅದರಂತೆಯೇ ಇರುವ ಎಲೊಕಾಟದಲ್ಲಿ ಪಟ್ಟೆ ಅಗಲ, ಬಾಗು ನಯವಾಗಿರುತ್ತದೆ, ಒಳ ಅಂಚಿನ ಹತ್ತಿರದವರೆಗೂ ಸಾಗುತ್ತದೆ. ಓಕ್ ಮರಗಳ ಎರಡು ಕೆಂಪು ಪತಂಗಗಳನ್ನು ಬೇರೆ ಮಾಡುವುದು ಇನ್ನೂ ಸುಲಭ: ಸ್ಪೊನ್ಸದ ಪಟ್ಟೆ ಚೂಪಾಗಿ ಅಂಕುಡೊಂಕಾಗಿರುತ್ತದೆ, ಪ್ರೊಮಿಸ್ಸದ ಪಟ್ಟೆ ಹೆಚ್ಚುಕಡಿಮೆ ನೇರ. ಪ್ರೊಮಿಸ್ಸ ಗಾತ್ರದಲ್ಲೂ ಚಿಕ್ಕದು.

ಮುಂದಿನ ರೆಕ್ಕೆಯಲ್ಲಿ ಅವರೆಬೀಜದಂಥ ಒಂದು ಮಚ್ಚೆಯೂ, ಹಲ್ಲುಹಲ್ಲಾದ ಅಡ್ಡಗೆರೆಗಳೂ ಇರುತ್ತವೆ. ಉಪಯೋಗಕ್ಕೆ ಬರುತ್ತವೆ, ಆದರೆ ಅವುಗಳೊಂದನ್ನೇ ನಂಬಬೇಡಿ. ಉತ್ತರ ಅಮೆರಿಕದ ಇಲಿಯ ಎಂಬ ಜಾತಿಯೊಂದರಲ್ಲೇ ಮುಂದಿನ ರೆಕ್ಕೆ ತೀರಾ ಕಪ್ಪಿನಿಂದ ಹಿಡಿದು ಬಿಳಿ ಮಚ್ಚೆಯಿರುವ ಬೂದಿನವರೆಗೆ ಎಷ್ಟೋ ತರಹ ಕಾಣುತ್ತದೆ. ಮರಗಳೂ ಸುಳಿವು ಕೊಡುತ್ತವೆ: ನುಪ್ಟದ ಹುಳುಗಳು ವಿಲೋ, ಪಾಪ್ಲರ್ ಎಲೆ ತಿನ್ನುತ್ತವೆ, ಸ್ಪೊನ್ಸದವು ಓಕ್. ಆದರೆ ಬೆಳೆದ ಪತಂಗ ಯಾವ ಕಾಂಡದ ಮೇಲೆ ಬೇಕಾದರೂ, ಗೋಡೆಯ ಮೇಲೂ ಕೂರಬಹುದು.

ಹಿಂದಿನ ರೆಕ್ಕೆಗಳು ಇಷ್ಟೊಂದು ಬಗೆಯಲ್ಲಿ ಯಾಕಿವೆ ಎಂಬುದಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. ಅಮೆರಿಕದ ಸಂಶೋಧಕಿ ಡೆಬ್ರಾ ಶ್ಲೆನಾಫ್ ಕೃತಕ ಪತಂಗಗಳನ್ನು ನೀಲಿ ಜೇ ಹಕ್ಕಿಗಳ ಮುಂದಿಟ್ಟು ನೋಡಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಗೆಯ ರೆಕ್ಕೆಯನ್ನು ಮತ್ತೆ ಮತ್ತೆ ಕಂಡ ಹಕ್ಕಿ ಬೆಚ್ಚುವುದನ್ನು ಬಿಟ್ಟಿತು. ಹೊಸ ವಿನ್ಯಾಸ ಕಂಡಾಗ ಮತ್ತೆ ಬೆಚ್ಚಿತು. ಒಂದೇ ಕಾಡಿನಲ್ಲಿ ಹಲವು ವಿನ್ಯಾಸಗಳಿದ್ದರೆ ಪತಂಗಕ್ಕೇ ಲಾಭ. ನನಗಂತೂ ಇದು ತುಂಬ ಇಷ್ಟವಾದ ವಿವರಣೆ.

ಫೋಟೊ ತೆಗೆಯುವವರು ಸಕ್ಕರೆ ಪಾಕಕ್ಕೆ ಕೊಳೆತ ಹಣ್ಣು ಬೆರೆಸಿ ಸಂಜೆ ಕಾಂಡಕ್ಕೆ ಹಚ್ಚಿ ನೋಡಿ. ಹೀರಲು ಬಂದಾಗ ಎಷ್ಟೋ ಸಲ ರೆಕ್ಕೆ ಅರೆತೆರೆದು ನಿಲ್ಲುತ್ತದೆ, ಒಳಪಟ್ಟೆ ಕಾಣುತ್ತದೆ. ಅಡಿಭಾಗದ ಫೋಟೊವೂ ಸಿಕ್ಕರೆ ಇನ್ನೂ ಒಳ್ಳೆಯದು. ತೀರಾ ಹತ್ತಿರದ ಜಾತಿಗಳಲ್ಲಿ ಇದೂ ಸಾಲದು, ಜನನಾಂಗದ ರಚನೆಯನ್ನೋ ಡಿಎನ್‌ಎಯನ್ನೋ ಪರೀಕ್ಷಿಸಬೇಕಾಗುತ್ತದೆ. ರೆಕ್ಕೆ ಮುಚ್ಚಿದ, ಹುರುಪೆ ಉದುರಿದ ಪತಂಗವಾದರೆ ಸುಮ್ನೆ ಊಹಿಸಬೇಡಿ, ಕ್ಯಾಟೊಕಾಲ ಎಂದಷ್ಟೇ ಬರೆದು ಜಾತಿಯ ಜಾಗ ಖಾಲಿ ಬಿಡಿ.